ಎಸಿ ಲೈನಿನ ಕರೆಂಟ್ ಅಳೆಯಲು ಸೆನ್ಸರ್ ಆರಿಸುವುದು ಹೇಗೆ: ಮಗ್ಗದ ಶೆಡ್ಡು, ಬೋರ್‌ವೆಲ್, ಫೌಂಡ್ರಿ

ಕರೆಂಟ್ ಸೆನ್ಸರ್ ಬೇಕೆಂದು ಅಂಗಡಿಗೆ ಹೋದರೆ ಮೊದಲು ಕೇಳುವುದು "ಎಷ್ಟು ಆಂಪ್?" ಎಂದು. ಉತ್ತರವೂ ರೆಡಿ ಇರುತ್ತದೆ: "100 ಆಂಪ್ ಕೊಡ್ರಿ, ದೊಡ್ಡದು ಇರಲಿ." ಹಾಗೆ ತಂದ ಸೆನ್ಸರನ್ನು 2 ಆಂಪ್ ಎಳೆಯುವ ಮಗ್ಗದ ಮೋಟರಿಗೆ ಹಾಕುವುದು, ಕಬ್ಬಿನ ಲಾರಿ ತೂಗುವ ವೇಬ್ರಿಜ್ ಮೇಲೆ ಒಂದು ಪೆಂಟಿ ಬೆಲ್ಲ ಇಟ್ಟ ಹಾಗೆ. ಅಂಕಿ ಬರುತ್ತದೆ, ನಂಬುವ ಹಾಗಿರುವುದಿಲ್ಲ.

ಆಂಪ್ ಲೆಕ್ಕ ಎರಡನೆಯದು. ಮೊದಲು ಕೇಳಿಕೊಳ್ಳಬೇಕಾದ್ದು ಇದು: ಆ ಅಂಕಿ ನೋಡಿ ನೀವು ಏನು ಮಾಡುವವರಿದ್ದೀರಿ? ಈ ಬರಹದ ಉಳಿದ ಎಲ್ಲಾ ಹೆಜ್ಜೆಗಳೂ ಆ ಉತ್ತರದ ಮೇಲೆ ನಿಂತಿವೆ.

ಒಂದು ಮಾತು ಮೊದಲೇ. ಇಲ್ಲಿ ಹೇಳುವುದೆಲ್ಲ 230 ಮತ್ತು 415 ವೋಲ್ಟ್ ಲೈನಿನ ವಿಷಯ. ಸ್ಟಾರ್ಟರ್ ಡಬ್ಬಿ ತೆರೆಯುವ ಮೊದಲು ಮೇನ್ ತೆಗೆಯಿರಿ, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ, ಟೆಸ್ಟರ್ ಹಚ್ಚಿ ನೋಡಿ. ಪ್ಯಾನೆಲ್ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಯಿರಿ. ಹೆಸ್ಕಾಂ ಮೀಟರಿನ ಹಿಂದೆ, ಅಂದರೆ ಸೀಲ್ ಇರುವ ಕಡೆ, ಏನನ್ನೂ ಸಿಕ್ಕಿಸಬೇಡಿ. ನಿಮ್ಮ ಸೆನ್ಸರ್ ಯಾವತ್ತೂ ಮೀಟರಿನಿಂದ ಈಚೆಗೆ ಇರಲಿ.

ಹೆಜ್ಜೆ 1: ಅಂಕಿ ಯಾತಕ್ಕೆ ಬೇಕು?

ಮೂರು ಊರಿನ ಮೂರು ಕೆಲಸ ತೆಗೆದುಕೊಳ್ಳೋಣ.

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ತೋಟ. ಬೋರಿನಲ್ಲಿ ನೀರು ಇಳಿದಾಗ ಪಂಪ್ ತಾನಾಗಿ ಬಂದ್ ಆಗಬೇಕು. ನೀರಿಲ್ಲದೆ ತಿರುಗುವಾಗ ಮೋಟರಿನ ಮೇಲೆ ಲೋಡ್ ಇರುವುದಿಲ್ಲ, ಕರೆಂಟ್ ಇಳಿಯುತ್ತದೆ. ಇಲ್ಲಿ 12.6 ಆಂಪೋ 13.1 ಆಂಪೋ ಎಂಬುದು ದೊಡ್ಡ ವಿಷಯವಲ್ಲ. ನಿನ್ನೆ 13 ತೋರಿಸಿದ್ದು ಅದೇ ಲೋಡಿಗೆ ಇವತ್ತೂ 13 ತೋರಿಸಿದರೆ ಸಾಕು. ಸೆನ್ಸರ್ ಶೇ. 5ರಷ್ಟು ತಪ್ಪು ತೋರಿಸಿದರೂ ನಡೆಯುತ್ತದೆ, ಆದರೆ ದಿನಾ ಒಂದೇ ರೀತಿ ತಪ್ಪು ತೋರಿಸಬೇಕು.

ಬಾಗಲಕೋಟೆಯ ಬನಹಟ್ಟಿಯಲ್ಲಿ ಪವರ್‌ಲೂಮ್ ಶೆಡ್. ಯಾವ ಮಗ್ಗ ಎಷ್ಟು ಹೊತ್ತು ನಡೆಯಿತು, ಎಷ್ಟು ಹೊತ್ತು ಎಳೆ ಕಡಿದು ನಿಂತಿತ್ತು ಎಂಬ ಲೆಕ್ಕ ಬೇಕು. ಕೇಳಲು ಇದು ಸುಲಭ. ನಿಜಕ್ಕೂ ಮೂರರಲ್ಲಿ ಕಷ್ಟದ್ದು ಇದೇ. ಕ್ಲಚ್ ಇರುವ ಮಗ್ಗದಲ್ಲಿ ಮಗ್ಗ ನಿಂತರೂ ಮೋಟರ್ ತಿರುಗುತ್ತಲೇ ಇರುತ್ತದೆ. ಇಂಡಕ್ಷನ್ ಮೋಟರ್ ಖಾಲಿ ತಿರುಗುವಾಗಲೂ ಕಾಂತಕ್ಷೇತ್ರ ಹುಟ್ಟಿಸಲು ಸಾಕಷ್ಟು ಕರೆಂಟ್ ಎಳೆಯುತ್ತದೆ. ಉದಾಹರಣೆಗೆ, 1 ಎಚ್‌ಪಿ ತ್ರೀ ಫೇಸ್ ಮೋಟರ್ ನೇಯುವಾಗ 1.8 ಆಂಪ್, ಖಾಲಿ ಇದ್ದಾಗ 1.1 ಆಂಪ್ ಎಳೆಯಬಹುದು. ಲೈನಿನ ವೋಲ್ಟೇಜ್ ಏರಿಳಿದರೆ ಈ ಎರಡರ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಅದೇ ಹೊತ್ತಿಗೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.72ರಿಂದ 0.2ಕ್ಕೆ ಇಳಿದಿರುತ್ತದೆ. ಹಾಗಾಗಿ ವ್ಯಾಟ್ ಲೆಕ್ಕ ಹಾಕಿದರೆ ಒಂದು ಕಡೆ ಸುಮಾರು 930, ಇನ್ನೊಂದು ಕಡೆ 160. ಕರೆಂಟಿನಲ್ಲಿ ಎರಡು ಪಟ್ಟೂ ಇಲ್ಲದ ವ್ಯತ್ಯಾಸ ವ್ಯಾಟ್‌ನಲ್ಲಿ ಹತ್ತಿರ ಹತ್ತಿರ ಆರು ಪಟ್ಟು. ಅಂದರೆ ಇಲ್ಲಿ ಬರೀ ಕರೆಂಟ್ ಸೆನ್ಸರ್ ಸಾಲದು. ವೋಲ್ಟೇಜನ್ನೂ ಜೊತೆಗೆ ಅಳೆಯಬೇಕು. ಬೋರ್‌ವೆಲ್‌ಗೂ ಇದೇ ಮಾತು: ಹೆಚ್ಚು ಭರವಸೆಯ ಡ್ರೈ ರನ್ (ನೀರಿಲ್ಲದೆ ತಿರುಗುವುದು) ರಕ್ಷಣೆ ಬೇಕಾದರೆ ಆಂಪ್ ಬಿಟ್ಟು ವ್ಯಾಟ್ ನೋಡುವುದು ಒಳ್ಳೆಯದು.

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ. ಯಾವ ವಿಭಾಗ ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಬಿಲ್ಲಿನ ಜೊತೆ ತಾಳೆ ನೋಡಬೇಕು. ಇಲ್ಲಿ ನಿಖರತೆಯೇ ಮುಖ್ಯ. ಸೆನ್ಸರಿಗೆ ಒಂದು ಕ್ಲಾಸ್, ಅಂದರೆ ನಿಖರತೆಯ ದರ್ಜೆ, ಇರಬೇಕು, ಅದು ನೇಮ್‌ಪ್ಲೇಟ್ ಮೇಲೆ ಅಚ್ಚಾಗಿರಬೇಕು.

ಹೆಜ್ಜೆ 2: ಎಷ್ಟು ಕರೆಂಟ್, ನಿಜವಾಗಿ?

415 ವೋಲ್ಟ್ ತ್ರೀ ಫೇಸ್ ಮೋಟರಿಗೆ ಎಲೆಕ್ಟ್ರಿಷಿಯನ್‌ಗಳು ಬಾಯಿಲೆಕ್ಕ ಹೇಳುತ್ತಾರೆ: ಎಚ್‌ಪಿಗೆ ಒಂದೂವರೆ ಆಂಪ್. 5 ಎಚ್‌ಪಿಗೆ 7.5, 10 ಎಚ್‌ಪಿಗೆ 15. ಈ ಲೆಕ್ಕ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಬ್‌ಮರ್ಸಿಬಲ್ ಮೋಟರಿಗೆ ಮಾತ್ರ ಸ್ವಲ್ಪ ಜಾಸ್ತಿ ಹಿಡಿಯಿರಿ. ಅದರ ಎಫಿಷಿಯೆನ್ಸಿ ಕಡಿಮೆ, 7.5 ಎಚ್‌ಪಿ ಪಂಪ್ 12ರಿಂದ 14 ಆಂಪ್‌ವರೆಗೆ ಎಳೆಯಬಹುದು.

ನೇಮ್‌ಪ್ಲೇಟ್ ಅಂಕಿಯನ್ನು ಹಾಗೇ ನಂಬಬೇಡಿ. ಅದು 415 ವೋಲ್ಟ್ ಸಿಕ್ಕಾಗಿನ ಮಾತು. ಲೈನಿನ ತುದಿಯ ತೋಟದಲ್ಲಿ, ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾದಾಗ 360 ಸಿಕ್ಕರೆ, ಅದೇ ನೀರು ಎತ್ತಲು ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. 13 ಇದ್ದದ್ದು 15 ಆಗುತ್ತದೆ. ಸಾಧ್ಯವಾದರೆ ಟಾಂಗ್ ಟೆಸ್ಟರ್ (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಹಾಕಿ ಬೆಳಗಿನ ಹೊತ್ತು ಒಮ್ಮೆ, ಲೋಡ್ ಜಾಸ್ತಿ ಇರುವ ಹೊತ್ತಿನಲ್ಲಿ ಒಮ್ಮೆ ಅಳೆಯಿರಿ.

ಇನ್ನು ಸ್ಟಾರ್ಟಿಂಗ್ ಕರೆಂಟ್. ನೇರ ಸ್ಟಾರ್ಟರ್‌ನಲ್ಲಿ ಅದು ಓಡುವ ಕರೆಂಟಿನ ಆರೇಳು ಪಟ್ಟು. ಮೊದಲು ಕಡಿಮೆ ವೋಲ್ಟೇಜಿನಲ್ಲಿ ಶುರುಮಾಡಿ ಆಮೇಲೆ ಪೂರ್ತಿ ಕೊಡುವ ಸ್ಟಾರ್-ಡೆಲ್ಟಾದಲ್ಲಿ ಲೈನಿನಿಂದ ಎಳೆಯುವುದು ಅದರ ಮೂರನೇ ಒಂದು ಪಾಲು. ಇದನ್ನು ನೋಡಿಯೇ ಎಲ್ಲರೂ 100 ಆಂಪ್ ಸೆನ್ಸರ್ ಕೊಳ್ಳುವುದು. ಆದರೆ ಸ್ಟಾರ್ಟಿಂಗ್ ಕರೆಂಟ್ ನಿಮಗೆ ಬೇಕೇ? ಡ್ರೈ ರನ್ ನೋಡುವವರಿಗೆ ಬೇಡ. ಸಿಟಿ, ಅಂದರೆ ವೈರಿನ ಸುತ್ತ ಕೂತು ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಕೆಲವು ಸೆಕೆಂಡಿನ ಹೆಚ್ಚು ಕರೆಂಟಿಗೆ ಸುಡುವುದಿಲ್ಲ. ಕೋರ್ ಸ್ಯಾಚುರೇಟ್ ಆಗಿ, ಅಂದರೆ ಇನ್ನು ಹೆಚ್ಚು ಕಾಂತಶಕ್ತಿ ಹಿಡಿಯಲಾರದೆ, ಅಷ್ಟು ಹೊತ್ತು ತಪ್ಪು ಅಂಕಿ ಕೊಡುತ್ತದೆ ಅಷ್ಟೆ. ಅದರ ಮುಂದಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಮಾತ್ರ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಜೀನರ್ ಡಯೋಡ್ ರಕ್ಷಣೆ ಬೇಕು. ಓಡುವ ಕರೆಂಟ್ ಸೆನ್ಸರಿನ ಪೂರ್ಣ ಅಳತೆಯ ಶೇ. 40ರಿಂದ 80ರ ನಡುವೆ ಬೀಳುವ ಹಾಗೆ ಆರಿಸಿ. 13 ಆಂಪ್ ಪಂಪಿಗೆ 30 ಆಂಪ್ ಸೆನ್ಸರ್ ಸರಿ. 2 ಆಂಪ್ ಮಗ್ಗಕ್ಕೆ 5 ಆಂಪ್.

ಹೆಜ್ಜೆ 3: ಅಲೆ ಎಂಥದ್ದು?

ಲೈನಿಗೆ ನೇರವಾಗಿ ಹಚ್ಚಿದ ಮೋಟರಿನ ಕರೆಂಟ್ 50 ಹರ್ಟ್ಜ್‌ನ ನುಣುಪಾದ ಅಲೆ. ಯಾವ ಸೆನ್ಸರ್ ಆದರೂ ಅಳೆಯುತ್ತದೆ. ತೊಂದರೆ ಇರುವುದು ಎರಡು ಕಡೆ.

ಒಂದು, ವಿಎಫ್‌ಡಿ, ಅಂದರೆ ಮೋಟರಿನ ವೇಗ ಬದಲಿಸುವ ಡ್ರೈವ್. ಅದು ಲೈನಿನಿಂದ ಕರೆಂಟನ್ನು ಚೂರು ಚೂರಾಗಿ ಎಳೆಯುತ್ತದೆ. 5ನೇ, 7ನೇ ಹಾರ್ಮೋನಿಕ್ (50 ಹರ್ಟ್ಜ್‌ನ ಐದು, ಏಳು ಪಟ್ಟು ವೇಗದ ಅಲೆ) ತುಂಬಿರುತ್ತವೆ. ಸಸ್ತಾ ಮೀಟರುಗಳು ಸರಾಸರಿ ಅಳೆದು ಅದನ್ನೇ ಆರ್‌ಎಂಎಸ್ (ಎಸಿ ಕರೆಂಟಿನ ನಿಜವಾದ ಪರಿಣಾಮದ ಅಳತೆ) ಎಂದು ತೋರಿಸುತ್ತವೆ, ಇಂಥ ಅಲೆಗೆ ಬಹಳ ಕಡಿಮೆ ಓದುತ್ತವೆ. ಮೇಲೆ "ಟ್ರೂ ಆರ್‌ಎಂಎಸ್" ಎಂದು ಬರೆದಿರಬೇಕು. ವಿಎಫ್‌ಡಿಯ ಔಟ್‌ಪುಟ್ ಬದಿ ಇನ್ನೂ ಬೇರೆ ಕಥೆ. ಅಲ್ಲಿ ಫ್ರೀಕ್ವೆನ್ಸಿ 10 ಹರ್ಟ್ಜ್‌ಗೂ ಇಳಿಯಬಹುದು, 50 ಹರ್ಟ್ಜ್‌ಗೆಂದು ಮಾಡಿದ ಸಿಟಿ ಸ್ಯಾಚುರೇಟ್ ಆಗುತ್ತದೆ. ಅಲ್ಲಿಗೆ ಕರೆಂಟಿನ ಕಾಂತಕ್ಷೇತ್ರವನ್ನು ನೇರವಾಗಿ ಅಳೆಯುವ ಹಾಲ್ ಸೆನ್ಸರ್ ಬೇಕು. ಸುಮ್ನೆ ತಲೆ ಕೆಡಿಸಿಕೊಳ್ಳುವ ಬದಲು ಇನ್‌ಪುಟ್ ಬದಿಯಲ್ಲೇ ಅಳೆಯಿರಿ ಎನ್ನುವುದು ನನ್ನ ಸಲಹೆ.

ಎರಡು, ಸೋಲಾರ್ ಪಂಪ್. ಪ್ಯಾನೆಲ್‌ನಿಂದ ಕಂಟ್ರೋಲರ್‌ವರೆಗೆ ಡಿಸಿ. ಸಿಟಿಗೆ ಡಿಸಿ ಕಾಣಿಸುವುದೇ ಇಲ್ಲ, ಸೊನ್ನೆ ತೋರಿಸುತ್ತದೆ. ಇಲ್ಲೂ ಹಾಲ್ ಸೆನ್ಸರೇ.

ಹೆಜ್ಜೆ 4: ನಾಲ್ಕು ಜಾತಿಗಳಲ್ಲಿ ಯಾವುದು?

ಶಂಟ್. ಲೈನಿನ ನಡುವೆ ಒಂದು ಸಣ್ಣ ರೆಸಿಸ್ಟರ್. 1 ಮಿಲಿಓಮ್ ಶಂಟಿನಲ್ಲಿ 30 ಆಂಪ್ ಹರಿದರೆ 30 ಮಿಲಿವೋಲ್ಟ್ ಸಿಗುತ್ತದೆ, 0.9 ವ್ಯಾಟ್ ಬಿಸಿ ಹುಟ್ಟುತ್ತದೆ. ಸಸ್ತಾ, ನಿಖರ, ಫೇಸ್ ದೋಷ ಬಹಳ ಕಡಿಮೆ. ಮನೆಯ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರಿನ ಒಳಗೆ ಇರುವುದು ಹೆಚ್ಚಾಗಿ ಇದೇ. ಆದರೆ ಶಂಟಿಗೆ ತಾಗಿದ ಸರ್ಕ್ಯೂಟ್ ಎಲ್ಲಾ ಲೈನಿನ ವೋಲ್ಟೇಜ್ ಮೇಲೆ ಕೂತಿರುತ್ತದೆ. ಅದಕ್ಕೆ ಯುಎಸ್‌ಬಿ ಕೇಬಲ್ ಹಚ್ಚಿದರೆ ಲ್ಯಾಪ್‌ಟಾಪೂ ಲೈವ್. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಇದನ್ನು ಬಿಟ್ಟುಬಿಡಿ.

ಹಾಲ್ ಸೆನ್ಸರ್. ಎಲ್ಲರ ಕೈಗೂ ಮೊದಲು ಬರುವುದು ಎಸಿಎಸ್712 ಮಾಡ್ಯೂಲ್. 5, 20, 30 ಆಂಪ್ ಎಂದು ಮೂರು ಬಗೆ, ಆಂಪ್‌ಗೆ ಕ್ರಮವಾಗಿ 185, 100, 66 ಮಿಲಿವೋಲ್ಟ್ ಕೊಡುತ್ತವೆ. ಟೇಬಲ್ ಮೇಲೆ ಕಲಿಯಲು ಒಳ್ಳೆಯದು. ತೋಟದ ಪಂಪಿಗೆ ನಾನು ಹಾಕುವುದಿಲ್ಲ. ಇದನ್ನು ಕೂರಿಸಲು ವೈರ್ ಕತ್ತರಿಸಬೇಕು. ಪೂರ್ತಿ ಲೋಡ್ ಆ ಸಣ್ಣ ಸ್ಕ್ರೂ ಟರ್ಮಿನಲ್ ಮೂಲಕವೇ ಹರಿಯುತ್ತದೆ, ಅದು ಸಡಿಲವಾದರೆ ಸುಟ್ಟುಹೋಗುತ್ತದೆ. 415 ವೋಲ್ಟ್ ಲೈನಿಗೆ ಆ ಬೋರ್ಡಿನ ಮೇಲಿನ ಅಂತರ ಸಾಲದು. ಸಪ್ಲೈ 5ರಿಂದ 4.7 ವೋಲ್ಟ್‌ಗೆ ಇಳಿದರೆ ಓದುವ ಅಂಕಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬಿಸಿಲಿಗೆ ಸೊನ್ನೆ ಜಾರುತ್ತದೆ ಎಂಬ ದೂರು ಮಾತ್ರ ಎಸಿ ಅಳತೆಯಲ್ಲಿ ಅಷ್ಟು ಕಾಡುವುದಿಲ್ಲ, ಸರಾಸರಿಯನ್ನು ಕಳೆದರೆ ಹೋಯಿತು. ಪ್ಯಾನೆಲ್ ಒಳಗೆ ಹಾಕುವಂಥ, ವೈರ್ ತೂತಿನಲ್ಲಿ ಹಾದುಹೋಗುವ ಕ್ಲೋಸ್ಡ್ ಲೂಪ್ ಹಾಲ್ ಸೆನ್ಸರುಗಳು ಬೇರೆ ದರ್ಜೆಯವು. ಬೆಲೆಯೂ ಹಾಗೇ.

ಕರೆಂಟ್ ಟ್ರಾನ್ಸ್‌ಫಾರ್ಮರ್. ಹತ್ತರಲ್ಲಿ ಎಂಟು ಕೆಲಸಕ್ಕೆ ಉತ್ತರ ಇದೇ. ಲೈನಿಗೂ ನಿಮ್ಮ ಬೋರ್ಡಿಗೂ ನಡುವೆ ತಂತಿಯ ಸಂಬಂಧ ಇಲ್ಲ. ಸ್ಪ್ಲಿಟ್ ಕೋರ್ ಬಗೆಯದಾದರೆ ಬಾಯಿ ತೆರೆದು ವೈರಿನ ಸುತ್ತ ಕಚ್ಚಿಸಿದರಾಯಿತು, ವೈರ್ ಕತ್ತರಿಸಬೇಕಿಲ್ಲ. ಎಸ್‌ಸಿಟಿ-013 ಎಂಬ ನೀಲಿ ಡಬ್ಬಿ ಎಲ್ಲೆಡೆ ಸಿಗುತ್ತದೆ, ಅದರ ತೂತು 13 ಮಿಲಿಮೀಟರ್. ಕೊಳ್ಳುವಾಗ ಕೊನೆಯ ಮೂರು ಅಂಕಿ ನೋಡಿ. 000 ಎಂದರೆ 100 ಆಂಪ್‌ಗೆ 50 ಮಿಲಿಆಂಪ್ ಕೊಡುವುದು, ಆ ಕರೆಂಟನ್ನು ವೋಲ್ಟೇಜ್ ಮಾಡುವ ಬರ್ಡನ್ ರೆಸಿಸ್ಟರ್ ನೀವೇ ಹಾಕಬೇಕು. 030 ಎಂದರೆ 30 ಆಂಪ್‌ಗೆ 1 ವೋಲ್ಟ್, ರೆಸಿಸ್ಟರ್ ಒಳಗೇ ಇದೆ, ಮತ್ತೊಂದು ಹಾಕಬಾರದು. ಮಗ್ಗದಂಥ ಸಣ್ಣ ಲೋಡಿಗೆ ಝಡ್‌ಎಂಸಿಟಿ103ಸಿ ಎಂಬ ಪುಟ್ಟ ಸಿಟಿ ಇದೆ, 5 ಆಂಪ್‌ಗೆ 5 ಮಿಲಿಆಂಪ್. ಅದರ ತೂತಿನಲ್ಲಿ ವೈರ್ ಪೋಣಿಸಬೇಕು.

ಫೌಂಡ್ರಿಯ ಪ್ಯಾನೆಲ್‌ಗೆ ಇವು ಯಾವುವೂ ಬೇಡ. ಅಲ್ಲಿ 200/5, 400/5 ಎಂದು ಬರೆದ ದೊಡ್ಡ ಸಿಟಿ (ಲೈನಿನಲ್ಲಿ 200 ಅಥವಾ 400 ಆಂಪ್ ಹರಿದರೆ 5 ಆಂಪ್ ಕೊಡುವುದು), ಕ್ಲಾಸ್ 0.5 ಅಥವಾ 1. ಲೋಡ್ ಬಹಳ ಏರಿಳಿಯುವುದಾದರೆ 0.5ಎಸ್ ತೆಗೆದುಕೊಳ್ಳಿ, ಅದು ಸಣ್ಣ ಕರೆಂಟಿನಲ್ಲೂ ನಿಖರತೆ ಉಳಿಸಿಕೊಳ್ಳುತ್ತದೆ. 5ಪಿ10 ಎಂದು ಬರೆದದ್ದು ರಕ್ಷಣೆಯ ರಿಲೇಗೆ, ಮೀಟರಿಗಲ್ಲ. ಇನ್ನು ಬರ್ಡನ್, ಅಂದರೆ ಸಿಟಿ ಹೊರುವ ಹೊರೆಯ ಲೆಕ್ಕ, ಜನ ಮರೆಯುವುದು ಇದನ್ನೇ. ಸಿಟಿಯಿಂದ ಮೀಟರಿಗೆ 10 ಮೀಟರ್ ದೂರ ಇದೆ ಎನ್ನಿ. ಹೋಗಿ ಬರುವ ವೈರ್ 20 ಮೀಟರ್. 2.5 ಚದರ ಮಿ.ಮೀ. ತಾಮ್ರಕ್ಕೆ ಅದು ಸುಮಾರು 0.15 ಓಮ್. 5 ಆಂಪ್ ಹರಿದರೆ ವೈರೇ 3.7 ವಿಎ (ವೋಲ್ಟ್-ಆಂಪ್) ತಿನ್ನುತ್ತದೆ. 2.5 ವಿಎ ಮಾತ್ರ ಹೊರಬಲ್ಲ ಸಿಟಿ ಹಾಕಿದ್ದರೆ ನಿಖರತೆ ಅಲ್ಲಿಗೇ ಹೋಯಿತು. ಅದೇ ಸೆಕೆಂಡರಿ (ಮೀಟರಿಗೆ ಹೋಗುವ ಬದಿ) 1 ಆಂಪ್ ಇರುವ ಸಿಟಿಯಾದರೆ ವೈರ್ ತಿನ್ನುವುದು 0.15 ವಿಎ ಮಾತ್ರ. ಮೀಟರ್ ದೂರ ಇದ್ದಷ್ಟೂ 1 ಆಂಪ್ ಸಿಟಿಯೇ ವಾಸಿ.

ರೊಗೋವ್‌ಸ್ಕಿ ಕಾಯಿಲ್. ಕಬ್ಬಿಣದ ಕೋರ್ ಇಲ್ಲದ, ಬಳುಕುವ ಹಗ್ಗದಂಥ ಸುರುಳಿ. ದಪ್ಪ ಬಸ್‌ಬಾರ್ ಸುತ್ತ ಸುತ್ತಬಹುದು, ಎಷ್ಟೇ ಸಾವಿರ ಆಂಪ್ ಬಂದರೂ ಸ್ಯಾಚುರೇಟ್ ಆಗುವುದಿಲ್ಲ. ಆದರೆ 1000 ಆಂಪ್‌ಗೆ ಸುಮಾರು 100 ಮಿಲಿವೋಲ್ಟ್‌ನಷ್ಟೇ ಕೊಡುತ್ತದೆ. ಅದೂ ಕರೆಂಟಿನ ಬದಲಾವಣೆಯ ವೇಗಕ್ಕೆ ತಕ್ಕಂತೆ, ಹಾಗಾಗಿ ಅದನ್ನು ಮತ್ತೆ ಕರೆಂಟಿನ ಅಲೆಯಾಗಿ ತಿರುಗಿಸುವ ಇಂಟಿಗ್ರೇಟರ್ ಸರ್ಕ್ಯೂಟ್ ಬೇಕೇ ಬೇಕು. ಇಂಡಕ್ಷನ್ ಫರ್ನೇಸ್ ಇರುವ ಕಡೆ ಇದಕ್ಕೆ ಬೆಲೆ. ಬೋರ್‌ವೆಲ್‌ಗೆ ತಂದರೆ ದುಡ್ಡು ದಂಡ.

ಹೆಜ್ಜೆ 5: ಫೇಸ್ ದೋಷ

ಬರೀ ಆಂಪ್ ನೋಡುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ವ್ಯಾಟ್ ಅಥವಾ ಯೂನಿಟ್ ಲೆಕ್ಕ ಹಾಕುವವರು ಓದಲೇಬೇಕು.

ಸಿಟಿಯಿಂದ ಬರುವ ಅಲೆ ಲೈನಿನ ಅಲೆಗಿಂತ ತುಸು ಹಿಂದೆ ಮುಂದೆ ಇರುತ್ತದೆ. ಸಸ್ತಾ ಸ್ಪ್ಲಿಟ್ ಕೋರ್‌ನಲ್ಲಿ 2-3 ಡಿಗ್ರಿ ಸಾಮಾನ್ಯ. ಹೀಟರ್ ಅಳೆಯುವಾಗ ಇದರ ಪರಿಣಾಮ ಗೊತ್ತೇ ಆಗುವುದಿಲ್ಲ. ಪವರ್ ಫ್ಯಾಕ್ಟರ್ 0.5 ಇರುವ ಲೋಡಿನಲ್ಲಿ ವೋಲ್ಟೇಜ್ ಅಲೆಗೂ ಕರೆಂಟ್ ಅಲೆಗೂ ನಡುವಿನ ಕೋನ 60 ಡಿಗ್ರಿ, ಅದರ ಕೊಸೈನೇ ಪವರ್ ಫ್ಯಾಕ್ಟರ್. 3 ಡಿಗ್ರಿ ತಪ್ಪಿ 57 ಆದರೆ ಕೊಸೈನ್ 0.5ರ ಬದಲು 0.545. ವ್ಯಾಟ್ ಲೆಕ್ಕ ಶೇ. 9ರಷ್ಟು ಜಾಸ್ತಿ. ಆಂಪ್ ನೂರಕ್ಕೆ ನೂರು ಸರಿ ಇದ್ದರೂ ಯೂನಿಟ್ ತಪ್ಪು! ಅರೆಖಾಲಿ ಮೋಟರುಗಳೇ ತುಂಬಿರುವ ಮಗ್ಗದ ಶೆಡ್ಡಿನಲ್ಲಿ ಇದು ದಿನನಿತ್ಯದ ಸ್ಥಿತಿ. ಉಪಾಯ ಎರಡು: ಸ್ಪ್ಲಿಟ್ ಬಿಟ್ಟು ಇಡೀ ಉಂಗುರದ ಸಿಟಿ ಹಾಕುವುದು, ಇಲ್ಲವೇ ಸಾಫ್ಟ್‌ವೇರ್‌ನಲ್ಲಿ ಆ ಕೋನವನ್ನು ತಿದ್ದುವುದು. ಒಂದೊಂದು ಮಗ್ಗ ನಡೆದಿದೆಯೋ ನಿಂತಿದೆಯೋ ಎಂಬುದಕ್ಕಷ್ಟೇ ಆದರೆ ಇದರ ಚಿಂತೆ ಬೇಡ, ಆರು ಪಟ್ಟಿನ ವ್ಯತ್ಯಾಸವನ್ನು 3 ಡಿಗ್ರಿ ಮುಚ್ಚಿಹಾಕುವುದಿಲ್ಲ.

ಹೆಜ್ಜೆ 6: ಓದುವ ಬೋರ್ಡಿಗೆ ಹೊಂದಿಸುವುದು

ಇಎಸ್‌ಪಿ32 ಅಥವಾ ಆರ್ಡುಯಿನೊ ಎಂಬ ಪುಟ್ಟ ಪ್ರೋಗ್ರಾಮ್ ಮಾಡುವ ಬೋರ್ಡ್ ಇಟ್ಟುಕೊಂಡವರಿಗೆ ಒಂದು ಲೆಕ್ಕ. 100 ಆಂಪ್‌ಗೆ 50 ಮಿಲಿಆಂಪ್ ಕೊಡುವ ಸಿಟಿಯಲ್ಲಿ ಅಲೆಯ ತುದಿ 70.7 ಮಿಲಿಆಂಪ್. 5 ವೋಲ್ಟ್ ಬೋರ್ಡಿನಲ್ಲಿ ಅರ್ಧ, ಅಂದರೆ 2.5 ವೋಲ್ಟ್ ಜಾಗ ಇದೆ. ಭಾಗಿಸಿದರೆ 35 ಓಮ್, ಅಂಗಡಿಯಲ್ಲಿ ಸಿಗುವ 33 ಓಮ್ ಹಾಕಿ. 3.3 ವೋಲ್ಟ್ ಬೋರ್ಡಿಗೆ 22 ಓಮ್. ಎರಡು 10 ಕಿಲೋಓಮ್ ರೆಸಿಸ್ಟರ್, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಅಲೆಯನ್ನು ಸಪ್ಲೈನ ನಡುವಿಗೆ ಎತ್ತಿ. 200 ಮಿಲಿಸೆಕೆಂಡ್ ಓದಿದರೆ ಸರಿಯಾಗಿ 10 ಸೈಕಲ್ ಸಿಗುತ್ತವೆ. ಅರ್ಧ ಸೈಕಲ್‌ಗೆ ನಿಲ್ಲಿಸಿದರೆ ಅಂಕಿ ಕುಣಿಯುತ್ತದೆ.

ಈ 22 ಓಮ್ ಮೇಲೆ 1 ಆಂಪ್ ಲೋಡ್ ಕೊಡುವುದು ಬರೀ 11 ಮಿಲಿವೋಲ್ಟ್. ಅದಕ್ಕೇ ಸಣ್ಣ ಲೋಡಿಗೆ ದೊಡ್ಡ ಸಿಟಿ ಬೇಡ ಎಂದದ್ದು. ಈಗಾಗಲೇ ಕೊಂಡಿದ್ದರೆ ಒಂದು ದಾರಿ ಇದೆ. ವೈರನ್ನು ಸಿಟಿಯೊಳಗೆ ಐದು ಸಲ ಸುತ್ತಿ ಹಾಯಿಸಿ. 100 ಆಂಪ್ ಸಿಟಿ 20 ಆಂಪ್ ಸಿಟಿ ಆಯಿತು. ಬಂದ ಅಂಕಿಯನ್ನು ಐದರಿಂದ ಭಾಗಿಸಿ.

ಇದೆಲ್ಲ ಬೇಡ ಎನ್ನುವವರು ಪಿಝೆಮ್-004ಟಿ ಥರದ ರೆಡಿ ಮಾಡ್ಯೂಲ್ ತೆಗೆದುಕೊಳ್ಳಬಹುದು. ಸಿಂಗಲ್ ಫೇಸಿನ ವೋಲ್ಟೇಜ್, ಕರೆಂಟ್, ವ್ಯಾಟ್, ಪವರ್ ಫ್ಯಾಕ್ಟರ್ ಎಲ್ಲ ಅದೇ ಲೆಕ್ಕ ಹಾಕಿ ಕೊಡುತ್ತದೆ. ನ್ಯೂಟ್ರಲ್ ಸಿಗುವ ಕಡೆ, ಮೂರೂ ಫೇಸ್ ಸಮವಾಗಿರುವ ಮೋಟರಿಗೆ ಒಂದು ಫೇಸಿನ ಮೇಲೆ ಇದನ್ನು ಹಾಕಿ ಬಂದ ವ್ಯಾಟನ್ನು ಮೂರರಿಂದ ಗುಣಿಸಿದರೂ ನಡೆಯುತ್ತದೆ.

ಹೆಜ್ಜೆ 7: ಎಲ್ಲಿ, ಹೇಗೆ ಕೂರಿಸುವುದು

ಸಿಟಿಯ ಒಳಗೆ ಒಂದೇ ಫೇಸಿನ ವೈರ್ ಹೋಗಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಹಾಯಿಸಿದರೆ ಸೊನ್ನೆ. ಸಬ್‌ಮರ್ಸಿಬಲ್ ಪಂಪಿನ ಚಪ್ಪಟೆ ಕೇಬಲ್ಲಿನಲ್ಲಿ ಮೂರೂ ಫೇಸ್ ಒಟ್ಟಿಗೆ ಇರುತ್ತವೆ, ಅದರ ಸುತ್ತ ಸಿಟಿ ಕಚ್ಚಿಸಿದರೂ ಸೊನ್ನೆಯೇ. ಸ್ಟಾರ್ಟರ್ ಡಬ್ಬಿಯೊಳಗೆ ಕೋರುಗಳು ಬಿಡಿಬಿಡಿಯಾಗುವ ಕಡೆ ಹಾಕಿ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಆರು ವೈರುಗಳಲ್ಲಿ ಒಂದಕ್ಕೆ ಹಾಕಿದರೆ ಡೆಲ್ಟಾದಲ್ಲಿ ಓಡುವಾಗ ಲೈನ್ ಕರೆಂಟಿನ ಶೇ. 58 ಮಾತ್ರ ಕಾಣುತ್ತದೆ. ಒಳಬರುವ ಬದಿಗೇ ಹಾಕಿ.

ಪವರ್ ಫ್ಯಾಕ್ಟರ್ ಸುಧಾರಿಸಲು ಹಾಕಿದ ಕೆಪಾಸಿಟರ್ ಇದ್ದರೆ ಜಾಗ ನೋಡಿ ಆರಿಸಿ. ಅದಕ್ಕಿಂತ ಮೇಲೆ, ಲೈನಿನ ಬದಿಗೆ ಹಾಕಿದರೆ ಮೋಟರಿನ ಕರೆಂಟಿಗಿಂತ ಕಡಿಮೆ ಓದುತ್ತದೆ. ಮುಂದೊಂದು ದಿನ ಕೆಪಾಸಿಟರ್ ಸತ್ತರೆ ಪಂಪ್ ಸರಿ ಇದ್ದರೂ ಕರೆಂಟ್ ಏರಿದಂತೆ ಕಾಣುತ್ತದೆ. ಪಂಪಿನ ಸ್ಥಿತಿ ತಿಳಿಯಬೇಕಾದರೆ ಸೆನ್ಸರ್ ಕೆಪಾಸಿಟರಿನ ಆಚೆ, ಮೋಟರಿನ ಬದಿಗೆ ಇರಲಿ.

ಒಂದು ಫೇಸ್ ಹೋದದ್ದು ಗೊತ್ತಾಗಬೇಕಾದರೆ ಮೂರೂ ಫೇಸಿಗೆ ಒಂದೊಂದು ಹಾಕಿ. ಒಂದು ಹೋದರೆ ಉಳಿದೆರಡರಲ್ಲಿ ಕರೆಂಟ್ ಸುಮಾರು 1.7 ಪಟ್ಟಾಗುತ್ತದೆ. ನೋಡುನೋಡುತ್ತಲೇ ವೈಂಡಿಂಗ್ ಸುಡುತ್ತದೆ.

5 ಆಂಪ್ ಸಿಟಿಯ ಸೆಕೆಂಡರಿಯನ್ನು ಲೋಡ್ ಇರುವಾಗ ಎಂದೂ ತೆರೆಯಬಾರದು. ಬಿಚ್ಚಿದ ತುದಿಗಳಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಮೀಟರ್ ಬಿಚ್ಚುವ ಮೊದಲು ಸೆಕೆಂಡರಿಯ ತುದಿಗಳಾದ ಎಸ್1, ಎಸ್2 ಎರಡನ್ನೂ ಶಾರ್ಟ್ ಮಾಡಿ. ಶಾರ್ಟಿಂಗ್ ಲಿಂಕ್ ಇರುವ ಟರ್ಮಿನಲ್ ಬ್ಲಾಕ್ ಮೊದಲೇ ಹಾಕಿಸಿಕೊಂಡರೆ ನೆಮ್ಮದಿ. ಸೆಕೆಂಡರಿಯ ಒಂದು ತುದಿ ಅರ್ಥ್ ಆಗಿರಲಿ. ಪಿ1 ಎಂದು ಬರೆದ ಮುಖ ಸಪ್ಲೈ ಕಡೆಗೆ ಇರಲಿ, ಉಲ್ಟಾ ಆದರೆ ವ್ಯಾಟ್ ಮೈನಸ್ ಬರುತ್ತದೆ.

ಸ್ಪ್ಲಿಟ್ ಕೋರ್‌ಗೆ ದೊಡ್ಡ ಶತ್ರು ಧೂಳು. ಎರಡು ಹೋಳು ಕೂಡುವ ಜಾಗದಲ್ಲಿ ಹತ್ತಿಯ ಎಳೆ, ಬೆಲ್ಲದ ಗಾಣದ ಕಡೆ ಕಬ್ಬಿನ ಸಿಪ್ಪೆಯ ಪುಡಿ ಸಿಕ್ಕಿದರೆ ಗಾಳಿಯ ಸಂದು ಹೆಚ್ಚುತ್ತದೆ, ಅಂಕಿಯೂ ಫೇಸೂ ಎರಡೂ ಜಾರುತ್ತವೆ. ಒರೆಸಿ ಮುಚ್ಚಿ, ಮೇಲೊಂದು ಕೇಬಲ್ ಟೈ ಬಿಗಿಯಿರಿ. ಫೆರೈಟ್ ಗಾಜಿನ ಹಾಗೆ ಸೀಳುತ್ತದೆ, ಕೈಯಿಂದ ಬೀಳಿಸಬೇಡಿ. ವಿಜಯಪುರದ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತಗಡಿನ ಡಬ್ಬಿಯ ಒಳಗೆ ಇನ್ನೂ ಜಾಸ್ತಿ ಇರುತ್ತದೆ. ಸಿಟಿ ಅಲ್ಲೇ ಇರಲಿ, ಬೋರ್ಡನ್ನು ನೆರಳಿನ ಬೇರೆ ಡಬ್ಬಿಗೆ ಹಾಕಿ. ನಡುವಿನ ವೈರ್ ಹೆಣೆದದ್ದಾಗಿರಲಿ.

ಹೆಜ್ಜೆ 8: ತಾಳೆ ನೋಡುವುದು

ಟ್ರೂ ಆರ್‌ಎಂಎಸ್ ಟಾಂಗ್ ಟೆಸ್ಟರ್ ಇದ್ದರೆ ಪಕ್ಕದಲ್ಲೇ ಕಚ್ಚಿಸಿ ಎರಡು ಮೂರು ಲೋಡಿನಲ್ಲಿ ಹೋಲಿಸಿ. ಟೆಸ್ಟರಿನ ಮೇಲೆ ಕ್ಯಾಟ್ 3 (ಸುರಕ್ಷತೆಯ ದರ್ಜೆ), 600 ವೋಲ್ಟ್ ಎಂದು ಇರಬೇಕು.

ಇಲ್ಲದಿದ್ದರೆ ನೀರು ಕಾಯಿಸುವ 1500 ವ್ಯಾಟ್ ಕಾಯಿಲ್ ಸಾಕು. ಅದರ ರೆಸಿಸ್ಟೆನ್ಸ್ ಸುಮಾರು 35 ಓಮ್. ಆ ಹೊತ್ತಿನ ವೋಲ್ಟೇಜ್ ಅಳೆದು 35ರಿಂದ ಭಾಗಿಸಿ: 230 ಇದ್ದರೆ ಸುಮಾರು 6.6 ಆಂಪ್, 210 ಇದ್ದರೆ 6. 100 ಆಂಪ್ ಸಿಟಿಯನ್ನು 6 ಆಂಪ್‌ನಲ್ಲಿ ಪರೀಕ್ಷಿಸಿ ಪ್ರಯೋಜನ ಇಲ್ಲ ಅಲ್ವಾ? ಕಾಯಿಲಿನ ಫೇಸ್ ವೈರಿನ ನಡುವೆ ಸಣ್ಣ, ಇನ್ಸುಲೇಟೆಡ್ ವೈರ್ ಸೇರಿಸಿ, ಅದನ್ನು ಸಿಟಿಯೊಳಗೆ ಹತ್ತು ಸುತ್ತು ಹಾಯಿಸಿ. ಈಗ ಸಿಟಿಗೆ ಕಾಣುವುದು 60 ಆಂಪ್. ಕಾಯಿಲಿನ ಪವರ್ ಫ್ಯಾಕ್ಟರ್ 1. ಹಾಗಾಗಿ ವ್ಯಾಟ್ ಲೆಕ್ಕ ಹಾಕುವವರು ಇದೇ ಹೊತ್ತಿಗೆ ಮಾಡ್ಯೂಲ್ 1 ತೋರಿಸುತ್ತದೆಯೇ ಎಂದೂ ನೋಡಿಕೊಳ್ಳಬಹುದು.

ತಿದ್ದಿದ ಮೇಲೆ ಡಬ್ಬಿಯ ಒಳಮೈಗೆ ಸಿಟಿಯ ಅನುಪಾತ, ಎಷ್ಟು ಸುತ್ತು, ಯಾವ ಬರ್ಡನ್, ನೀರು ಇರುವಾಗಿನ ವ್ಯಾಟ್, ತಾರೀಖು ಬರೆದು ಅಂಟಿಸಿ. ಮುಂದಿನ ಸಲ ಡಬ್ಬಿ ತೆರೆಯುವ ಎಲೆಕ್ಟ್ರಿಷಿಯನ್ ಆ ಐದು ಸುತ್ತು ಯಾತಕ್ಕೆಂದು ತಿಳಿಯದೆ ಬಿಚ್ಚಿ ನೆಟ್ಟಗೆ ಮಾಡಿಬಿಟ್ಟಾನು.